ಹೆಪ್ಪು ಬದಲಿಸೋದಾ, ಬೆಚ್ಚಗಿಡೋದಾ? ಟಿಸಿಎಕ್ಸ್‌ಒ ಮತ್ತು ಒಸಿಎಕ್ಸ್‌ಒ ಕತೆ

ಇವತ್ತಿನ ಮಾತು ಒಂದು ಬಗ್‌ನಿಂದ ಶುರು.

ಕೆಲವು ವರ್ಷಗಳ ಹಿಂದೆ ಚೆನ್ನೈನಲ್ಲಿ ಕೆಲಸ ಮಾಡ್ತಿದ್ದಾಗ ನಮ್ಮ ತಂಡ ಒಂದು ಡೇಟಾ ಲಾಗರ್ ತಯಾರಿಸ್ತಿತ್ತು. ತಾರಸಿ ಮೇಲೆ ಇಡೋ ಪುಟ್ಟ ಪೆಟ್ಟಿಗೆ, ನೆಟ್‌ವರ್ಕ್ ಇಲ್ಲ. ವಾರಕ್ಕೊಮ್ಮೆ ಯಾರಾದ್ರೂ ಹೋಗಿ ಅದರಲ್ಲಿರೋ ಡೇಟಾ ತರಬೇಕು. ಎಸಿ ಲ್ಯಾಬ್‌ನಲ್ಲಿ ಎರಡು ವಾರ ಓಡಿಸಿ ನೋಡಿದ್ವಿ, ಟೈಮ್‌ಸ್ಟ್ಯಾಂಪ್ ಎಲ್ಲ ಸರಿ ಇತ್ತು. ಮೇ ತಿಂಗಳಲ್ಲಿ ತಾರಸಿಗೆ ಹೋಯ್ತು. ಅವತ್ತಿನಿಂದ ದಿನಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಂದೆ ಬೀಳೋಕೆ ಶುರು. ಮೂರು ದಿನ ಕೋಡ್ ಜಾಲಾಡಿದೆ. ಯಾವ ಇಂಟರಪ್ಟ್ ತಪ್ಪಿಹೋಗ್ತಿದೆ, ಎಲ್ಲಿ ರೌಂಡಿಂಗ್ ತಪ್ಪಾಗ್ತಿದೆ ಅಂತ. ಕೊನೆಗೆ ಹಾರ್ಡ್‌ವೇರ್ ಕಡೆಯ ಹಿರಿಯರೊಬ್ಬರು, ಅವರೂ ನಮ್ಮ ಊರ ಕಡೆಯವರೇ, ಕೇಳಿದ್ರು: "ಪೆಟ್ಟಿಗೆ ಒಳಗೆ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತೆ ನೋಡಿದ್ಯೇನಪ್ಪ?"

ನೋಡಿರಲಿಲ್ಲ. ನೋಡಿದ್ರೆ 50 ದಾಟಿತ್ತು.

ಲೆಕ್ಕ ಸುಲಭ. ಕೈಗಡಿಯಾರದಲ್ಲೂ, ಬೋರ್ಡ್ ಮೇಲಿನ ರಿಯಲ್ ಟೈಮ್ ಕ್ಲಾಕ್‌ನಲ್ಲೂ ಇರೋದು ಸೆಕೆಂಡಿಗೆ 32,768 ಸಲ ಕಂಪಿಸೋ ಕ್ವಾರ್ಟ್ಜ್ ಹರಳು. ಅದು 25 ಡಿಗ್ರಿ ಆಸುಪಾಸಲ್ಲಿ ಸರಿಯಾಗಿ ಓಡುತ್ತೆ. ಅಲ್ಲಿಂದ ಎಷ್ಟು ಡಿಗ್ರಿ ಆಚೀಚೆ ಹೋದ್ರೋ ಅದರ ವರ್ಗವನ್ನ 0.035ರಿಂದ ಗುಣಿಸಿ. ಅಷ್ಟು ಪಿಪಿಎಂ, ಅಂದ್ರೆ ಹತ್ತು ಲಕ್ಷಕ್ಕೆ ಅಷ್ಟು ಭಾಗ, ನಿಧಾನ ಆಗುತ್ತೆ. 50 ಡಿಗ್ರಿಗೆ 25ರ ವರ್ಗ 625, ಅದಕ್ಕೆ ಸುಮಾರು 22 ಪಿಪಿಎಂ. ಒಂದು ಪಿಪಿಎಂ ಅಂದ್ರೆ ದಿನಕ್ಕೆ 86 ಮಿಲಿಸೆಕೆಂಡ್. ಅರ್ಧ ದಿನ ಕಾದ್ರೂ ಸುಮಾರು ಒಂದು ಸೆಕೆಂಡ್ ಹೋಯ್ತು. ಚಳಿಗೂ ಹಾಗೇ, ಡೆಲ್ಲಿ ಜನವರಿ ರಾತ್ರಿ ಹೊರಗಿಟ್ರೂ ಅದು ನಿಧಾನವೇ ಆಗುತ್ತೆ. ಎಸಿ ಲ್ಯಾಬ್ ಇದ್ದಿದ್ದು 24 ಡಿಗ್ರಿ. ಅಲ್ಲಿ ಈ ತಪ್ಪು ಕಾಣಿಸೋ ಸಾಧ್ಯತೆಯೇ ಇರಲಿಲ್ಲ.

ಇದಕ್ಕೆ ಪರಿಹಾರ ಹುಡುಕೋಕೆ ಹೋದಾಗ ಎರಡು ಹೆಸರು ಸಿಕ್ಕವು. ಒಂದು ಟಿಸಿಎಕ್ಸ್‌ಒ, ಟೆಂಪರೇಚರ್ ಕಾಂಪೆನ್ಸೇಟೆಡ್ ಕ್ರಿಸ್ಟಲ್ ಆಸಿಲೇಟರ್. ಇನ್ನೊಂದು ಒಸಿಎಕ್ಸ್‌ಒ, ಓವನ್ ಕಂಟ್ರೋಲ್ಡ್ ಕ್ರಿಸ್ಟಲ್ ಆಸಿಲೇಟರ್. ಎರಡರ ವ್ಯತ್ಯಾಸ ತಿಳಿಯೋಕೆ ನಮ್ಮ ಅಡುಗೆಮನೆ ಸಾಕು.

ಊರು ಬಿಟ್ಟು ಬಂದೋರಿಗೆ ಮೊಸರು ಹೆಪ್ಪು ಹಾಕೋದು ಹೊಸದಾಗಿ ಕಲಿಯಬೇಕಾದ ವಿದ್ಯೆ. ಚೆನ್ನೈ ಸೆಕೆಗೆ ಒಂದು ಹನಿ ಹೆಪ್ಪು ಸಾಕು, ಜಾಸ್ತಿ ಆದ್ರೆ ಬೆಳಗ್ಗೆಗೆ ಹುಳಿ. ಡೆಲ್ಲಿ ಚಳಿಗೆ ಒಂದು ಚಮಚ ಹಾಕಿದ್ರೂ ಹಾಲು ಹಾಲಾಗೇ ಇರುತ್ತೆ. ಆಗ ಎರಡು ದಾರಿ. ಹವೆ ನೋಡಿಕೊಂಡು ಹೆಪ್ಪಿನ ಅಳತೆ ಬದಲಿಸೋದು ಒಂದು. ಹೊರಗೆ ಏನೇ ಇರಲಿ ಅಂತ ಪಾತ್ರೆಯನ್ನ ಓವನ್ ಒಳಗೆ ಲೈಟ್ ಹಾಕಿ ಬೆಚ್ಚಗಿಡೋದು ಇನ್ನೊಂದು. ಮೊದಲನೇದು ಟಿಸಿಎಕ್ಸ್‌ಒ, ಎರಡನೇದು ಒಸಿಎಕ್ಸ್‌ಒ. ಮೊದಲನೇದಕ್ಕೆ ಅನುಭವ ಬೇಕು, ಎರಡನೇದಕ್ಕೆ ಕರೆಂಟ್ ಬೇಕು. ಈ ಎರಡು ದಾರಿ ಎಲೆಕ್ಟ್ರಾನಿಕ್ಸ್‌ಗಿಂತ ಹಳೇವು.

ಲೋಲಕದ ಕಾಲ

18ನೇ ಶತಮಾನದ ಲಂಡನ್‌ಗೆ ಹೋಗೋಣ. ಆಗಿನ ಅತಿ ನಿಖರ ಗಡಿಯಾರ ಅಂದ್ರೆ ಲೋಲಕದ್ದು. ಬಿಸಿ ಆದ್ರೆ ಉಕ್ಕಿನ ಸರಳು ಉದ್ದ ಆಗುತ್ತೆ, ಲೋಲಕ ನಿಧಾನ ಆಗುತ್ತೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದ್ರೆ ದಿನಕ್ಕೆ ಸುಮಾರು ಅರ್ಧ ಸೆಕೆಂಡ್. ಬೇಸಿಗೆಗೂ ಚಳಿಗಾಲಕ್ಕೂ 10 ಡಿಗ್ರಿ ವ್ಯತ್ಯಾಸ ಇದ್ರೆ ದಿನಕ್ಕೆ ಐದು ಸೆಕೆಂಡ್. ನಕ್ಷತ್ರಗಳ ಚಲನೆ ಅಳೆಯೋರಿಗೆ ಇದು ದೊಡ್ಡ ತಪ್ಪು.

ಜಾರ್ಜ್ ಗ್ರಹಾಂ ಅನ್ನೋ ಗಡಿಯಾರ ತಯಾರಕ 1720ರ ದಶಕದಲ್ಲಿ ಲೋಲಕದ ತುದಿಗೆ ಪಾದರಸದ ಜಾಡಿ ಇಟ್ಟ. ಬಿಸಿ ಆದಾಗ ಸರಳು ಕೆಳಕ್ಕೆ ಉದ್ದ ಆಗುತ್ತೆ, ಜಾಡಿಯಲ್ಲಿನ ಪಾದರಸ ಹಿಗ್ಗಿ ಮೇಲಕ್ಕೆ ಏರುತ್ತೆ. ಒಂದರ ತಪ್ಪನ್ನ ಇನ್ನೊಂದು ಕಳೆಯುತ್ತೆ. ಅದೇ ದಶಕದಲ್ಲಿ ಜಾನ್ ಹ್ಯಾರಿಸನ್, ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯೋ ಗಡಿಯಾರದಿಂದ ಮುಂದೆ ಹೆಸರಾದವನು, ಹಿತ್ತಾಳೆ ಮತ್ತು ಉಕ್ಕಿನ ಸರಳುಗಳನ್ನ ಒಂದರ ಪಕ್ಕ ಒಂದು ಜೋಡಿಸಿ ಅದೇ ಕೆಲಸ ಮಾಡಿದ. ಇದು ಹೆಪ್ಪಿನ ದಾರಿ. ಬಿಸಿ ಬರಲಿ, ಬಂದಷ್ಟನ್ನ ಲೆಕ್ಕದಲ್ಲಿ ಕಳೆಯೋಣ.

ಪ್ಯಾರಿಸ್ ವೀಕ್ಷಣಾಲಯದವರಿಗೆ ಇನ್ನೊಂದು ದಾರಿ ಇತ್ತು. ಕಟ್ಟಡದ ಅಡಿಯಲ್ಲಿ ಸುಮಾರು 28 ಮೀಟರ್ ಆಳದಲ್ಲಿ ನೆಲಮಾಳಿಗೆಗಳಿವೆ. ಬೇಸಿಗೆ ಇರಲಿ, ಹಿಮ ಬೀಳಲಿ, ಅಲ್ಲಿ ವರ್ಷಪೂರ್ತಿ ಹತ್ತಿರ ಹತ್ತಿರ 12 ಡಿಗ್ರಿ. ಮುಂದೆ ವೀಕ್ಷಣಾಲಯದ ನಿಖರ ಗಡಿಯಾರಗಳನ್ನ ಅಲ್ಲಿಗೆ ಇಳಿಸಿದ್ರು. ಗಡಿಯಾರ ಬದಲಿಸಲಿಲ್ಲ, ಅದು ಇರೋ ಜಾಗ ಬದಲಿಸಿದ್ರು. ಒಸಿಎಕ್ಸ್‌ಒ ಒಳಗಿರೋ ಓವನ್ ಮಾಡೋದು ಇದನ್ನೇ.

ಬೆಣಚುಕಲ್ಲು ಕಂಪಿಸಿದಾಗ

ಕ್ವಾರ್ಟ್ಜ್ ಅಂದ್ರೆ ನಮ್ಮ ಬೆಣಚುಕಲ್ಲೇ, ಅದರ ಶುದ್ಧ ಹರಳು. 1880ರಲ್ಲಿ ಪ್ಯಾರಿಸ್‌ನಲ್ಲಿ ಝಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು ಇಂಥ ಹರಳನ್ನ ಒತ್ತಿದ್ರೆ ವಿದ್ಯುತ್ ಹುಟ್ಟುತ್ತೆ ಅಂತ ಕಂಡ್ರು. ಮರುವರ್ಷ ಇದರ ತಿರುಗುಮುರುಗೂ ಸಾಬೀತಾಯ್ತು, ವಿದ್ಯುತ್ ಕೊಟ್ರೆ ಹರಳು ಅಲುಗುತ್ತೆ. ಸುಮಾರು 40 ವರ್ಷದ ನಂತರ, 1921ರಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ವಾಲ್ಟರ್ ಕೇಡಿ ಕ್ವಾರ್ಟ್ಜ್ ಹಿಡಿತದಲ್ಲಿ ಓಡೋ ಆಸಿಲೇಟರ್ ಮಾಡಿದ್ರು. ಹಾರ್ವರ್ಡ್‌ನ ಜಾರ್ಜ್ ಪಿಯರ್ಸ್ ಅದನ್ನ ಒಂದೇ ವಾಲ್ವಿಗೆ ಇಳಿಸಿದ್ರು. ಇವತ್ತಿಗೂ ಮೈಕ್ರೋಕಂಟ್ರೋಲರ್ ಪಕ್ಕ ಒಂದು ಕ್ರಿಸ್ಟಲ್, ಎರಡು ಕೆಪಾಸಿಟರ್ ಕಂಡ್ರೆ ಅದು ಪಿಯರ್ಸ್ ಆಸಿಲೇಟರ್‌ನ ವಂಶ. 1927ರಲ್ಲಿ ಬೆಲ್ ಲ್ಯಾಬ್ಸ್‌ನ ವಾರನ್ ಮ್ಯಾರಿಸನ್ ಮೊದಲ ಕ್ವಾರ್ಟ್ಜ್ ಗಡಿಯಾರ ತೋರಿಸಿದ್ರು.

ಆದ್ರೆ ಕಲ್ಲೂ ಬಿಸಿಗೆ ಬಗ್ಗುತ್ತೆ. ಎಷ್ಟು ಬಗ್ಗುತ್ತೆ ಅನ್ನೋದು ಹರಳನ್ನ ಯಾವ ಕೋನದಲ್ಲಿ ಕೊಯ್ತೀವಿ ಅನ್ನೋದರ ಮೇಲೆ. ಆ ಕಾಲದ ಎಕ್ಸ್ ಕಟ್ ಹರಳು ಡಿಗ್ರಿಗೆ ಸುಮಾರು 20 ಪಿಪಿಎಂ ಸರೀತಿತ್ತು. ಅದೇ ಸಮಯಕ್ಕೆ ಅಮೆರಿಕದಲ್ಲಿ ರೇಡಿಯೋ ಸ್ಟೇಷನ್‌ಗಳು ಅಣಬೆ ಥರ ಎದ್ದವು, ಒಂದರ ದನಿ ಇನ್ನೊಂದರ ಮೇಲೆ ಬಿದ್ದು ಶಿಳ್ಳೆ ಕೇಳೋದು. 1932ರಲ್ಲಿ ಅಲ್ಲಿನ ಫೆಡರಲ್ ರೇಡಿಯೋ ಕಮಿಷನ್ ಅಲ್ಲೀವರೆಗೆ 500 ಹರ್ಟ್ಜ್ ಇದ್ದ ಆಚೀಚೆಯ ಸಲಿಗೆಯನ್ನ 50 ಹರ್ಟ್ಜ್‌ಗೆ ಇಳಿಸಿತು. 1 ಮೆಗಾಹರ್ಟ್ಜ್ ಸ್ಟೇಷನ್‌ಗೆ ಅದು 50 ಪಿಪಿಎಂ. ಎಕ್ಸ್ ಕಟ್ ಹರಳು ಎರಡೂವರೆ ಡಿಗ್ರಿ ಬಿಸಿಯಾದ್ರೆ ಅಷ್ಟೂ ಖಾಲಿ. ಬಾಗಿಲು ತೆಗೆದ್ರೆ ಸಾಕು ಕಾನೂನು ಮುರಿದಂತೆ. ಹಾಗಾಗಿ ಹರಳನ್ನ ಹೀಟರ್ ಮತ್ತು ಥರ್ಮೋಸ್ಟ್ಯಾಟ್ ಇರೋ ಪೆಟ್ಟಿಗೆಯಲ್ಲಿ ಕೂರಿಸೋದು ಅನಿವಾರ್ಯ ಆಯ್ತು.

35 ಡಿಗ್ರಿಯ ಕೊಯ್ತ

1930ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನಲ್ಲಿ ಇಸ್ಸಾಕ್ ಕೊಗಾ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲ್ಯಾಕ್, ವಿಲಾರ್ಡ್ ಮತ್ತು ಫೇರ್ ಕೋನ ಬದಲಿಸಿ ಬದಲಿಸಿ ನೋಡಿದ್ರು. ಒಂದು ಕೊಯ್ತದಲ್ಲಿ ಫ್ರೀಕ್ವೆನ್ಸಿ ಬಿಸಿಗೆ ಏರುತ್ತೆ, ಇನ್ನೊಂದರಲ್ಲಿ ಇಳಿಯುತ್ತೆ ಅಂದ್ಮೇಲೆ ನಡುವೆ ಎಲ್ಲೋ ಏರದೆ ಇಳಿಯದೆ ಇರೋ ಜಾಗ ಇರಲೇಬೇಕು. ಸಿಕ್ಕಿದ್ದು 35 ಡಿಗ್ರಿ 15 ಮಿನಿಟ್ ಆಸುಪಾಸಿನ ಕೋನ. ಬೆಲ್ ಲ್ಯಾಬ್ಸ್ 1934ರಲ್ಲಿ ಪ್ರಕಟಿಸಿದ ಇದಕ್ಕೆ ಎಟಿ ಕಟ್ ಅಂತ ಹೆಸರು. ಇದರ ಗ್ರಾಫ್ ಮಲಗಿದ ಎಸ್ ಆಕಾರ. ಕೋಣೆಯ ಉಷ್ಣತೆ ಹತ್ತಿರ ಚಪ್ಪಟೆ, ತೀರಾ ಚಳಿ ಅಥವಾ ತೀರಾ ಬಿಸಿಗೆ ಹೋದಾಗ ಬಾಗುತ್ತೆ.

ಒಳ್ಳೆ ಕೊಯ್ತ ಸಿಕ್ಕ ಮೇಲೆ ಓವನ್ ಅಷ್ಟಾಗಿ ಬೇಕಾಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದರ ಬೆಲೆ ಗೊತ್ತಾಯ್ತು. ಟ್ಯಾಂಕು, ವಿಮಾನ, ಸೈನಿಕನ ಬೆನ್ನ ಮೇಲಿನ ರೇಡಿಯೋ, ಎಲ್ಲಕ್ಕೂ ಹರಳು ಬೇಕು, ಓವನ್ ಹೊತ್ತು ತಿರುಗೋಕೆ ಆಗಲ್ಲ. ಬ್ರೆಜಿಲ್‌ನಿಂದ ಕಲ್ಲು ತರಿಸಿ ಅಮೆರಿಕ ಸುಮಾರು ಮೂರು ಕೋಟಿ ಹರಳುಗಳನ್ನ ತಯಾರಿಸಿತು. ನಡುವೆ ಒಂದು ಪೆಟ್ಟು ಬಿತ್ತು. ಕಾರ್ಖಾನೆ ಬಿಟ್ಟಾಗ ಸರಿಯಿದ್ದ ಹರಳುಗಳು ತಿಂಗಳುಗಳಲ್ಲಿ ಫ್ರೀಕ್ವೆನ್ಸಿ ಬಿಟ್ಟು ಸರಿಯೋಕೆ, ಕೆಲವು ಪೂರ್ತಿ ಮೂಕ ಆಗೋಕೆ ಶುರುವಾದವು. ಉಜ್ಜಿದಾಗ ಮೇಲ್ಮೈಯಲ್ಲಿ ಉಳಿದ ಒಡಕು ಪುಡಿ ಇದಕ್ಕೆ ಕಾರಣ. ಕೊನೇ ಹಂತದಲ್ಲಿ ಉಜ್ಜೋದು ಬಿಟ್ಟು ಆಸಿಡ್‌ನಿಂದ ಕರಗಿಸಿ ತೆಗೆದಾಗ ಅದು ಹತೋಟಿಗೆ ಬಂತು. ಹರಳಿಗೆ ವಯಸ್ಸಾಗುತ್ತೆ ಅನ್ನೋ ಮಾತು ಇಂಜಿನಿಯರ್‌ಗಳ ತಲೆಯಲ್ಲಿ ಕೂತಿದ್ದು ಆಗ. ಈ ಮಾತು ಮುಂದೆ ಮತ್ತೆ ಬರುತ್ತೆ, ನೆನಪಿರಲಿ.

ಓವನ್‌ನ ಖರ್ಚು

ಯುದ್ಧದ ನಂತರ ಚಾನೆಲ್‌ಗಳು ಒತ್ತೊತ್ತಾಗಿ ಬಂದವು. ಮಿಲಿಟರಿ ಉಪಕರಣ ಮೈನಸ್ 55ರಿಂದ ಪ್ಲಸ್ 85 ಡಿಗ್ರಿವರೆಗೆ ಕೆಲಸ ಮಾಡಬೇಕು. ಇಷ್ಟು ಅಗಲದಲ್ಲಿ ಬರೀ ಎಟಿ ಕಟ್ ಹರಳು ಹತ್ತಾರು ಪಿಪಿಎಂ ಸರಿಯುತ್ತೆ. ಮತ್ತೆ ಓವನ್‌ಗೇ ಬರಬೇಕಾಯ್ತು.

ಓವನ್‌ನ ಉಪಾಯ ಹೀಗೆ. ಹರಳಿನ ಗ್ರಾಫ್‌ನಲ್ಲಿ ಏರಿಕೆ ನಿಂತು ಇಳಿಕೆ ಶುರುವಾಗೋ, ಅಥವಾ ಇಳಿಕೆ ನಿಂತು ಏರಿಕೆ ಶುರುವಾಗೋ ತಿರುವು ಬಿಂದು ಇರುತ್ತಲ್ಲ, ಅಲ್ಲಿ ಇಳಿಜಾರು ಸೊನ್ನೆ. ಓವನ್ ಅನ್ನ ಸರಿಯಾಗಿ ಆ ಡಿಗ್ರಿಗೆ ಕೂರಿಸಿದ್ರೆ ಓವನ್‌ನ ಸಣ್ಣ ಹೊಯ್ದಾಟವೂ ಫ್ರೀಕ್ವೆನ್ಸಿಗೆ ತಟ್ಟಲ್ಲ. ಆ ಡಿಗ್ರಿ ಹೊರಗಿನ ಅತಿ ಬಿಸಿಗಿಂತ ಮೇಲಿರಬೇಕು, ಯಾಕಂದ್ರೆ ಹೀಟರ್ ಬಿಸಿ ಮಾಡಬಲ್ಲದು, ತಣಿಸಲಾರದು. ಹೊರಗೆ 70 ಡಿಗ್ರಿ ಆಗಬಹುದು ಅಂದ್ರೆ ಓವನ್ 80ರ ಹತ್ತಿರ ಇರಬೇಕು. ಅಷ್ಟು ಬಿಸಿಯನ್ನ ಹಗಲೂ ರಾತ್ರಿ ಹಿಡಿಯೋಕೆ ಸಾಮಾನ್ಯವಾಗಿ ಒಂದರಿಂದ ಕೆಲವು ವ್ಯಾಟ್. ಆನ್ ಮಾಡಿದ ಮೇಲೆ ಸ್ಥಿರ ಆಗೋಕೆ ಕೆಲವು ನಿಮಿಷ. ಹೊಂಡದಲ್ಲಿ ಅಡಗಿ ಕೂತ ಸೈನಿಕನಿಗೆ "ಸ್ವಲ್ಪ ತಡೀರಿ, ರೇಡಿಯೋ ಕಾಯ್ತಿದೆ" ಅನ್ನೋಕಾಗುತ್ತಾ? ಬ್ಯಾಟರಿಗಂತೂ ಕತ್ತರಿ ಖಾತ್ರಿ.

ಪ್ರತಿ ಹರಳಿಗೂ ಒಂದು ಜಾತಕ

1960ರ ದಶಕಕ್ಕೆ ಎರಡು ಪುಟ್ಟ ಭಾಗಗಳು ಕೈಗೆ ಬಂದಿದ್ದವು. ಬಿಸಿಗೆ ರೆಸಿಸ್ಟೆನ್ಸ್ ಬದಲಾಗೋ ಥರ್ಮಿಸ್ಟರ್, ವೋಲ್ಟೇಜ್‌ಗೆ ಕೆಪಾಸಿಟೆನ್ಸ್ ಬದಲಾಗೋ ವ್ಯಾರಾಕ್ಟರ್ ಡಯೋಡ್. ಥರ್ಮಿಸ್ಟರ್ ಬಿಸಿ ಅಳೆದು ವೋಲ್ಟೇಜ್ ಕೊಡುತ್ತೆ, ಆ ವೋಲ್ಟೇಜ್ ವ್ಯಾರಾಕ್ಟರ್‌ಗೆ ಹೋಗುತ್ತೆ, ಅದು ಹರಳಿನ ಫ್ರೀಕ್ವೆನ್ಸಿಯನ್ನ ಸ್ವಲ್ಪ ಎಳೆಯುತ್ತೆ. ಹರಳು ಎಸ್ ಆಕಾರದಲ್ಲಿ ಬಾಗಿದ್ರೆ ಇದು ತಲೆಕೆಳಗಾದ ಎಸ್ ಕೊಡಬೇಕು. ಎರಡೂ ಕೂಡಿದ್ರೆ ಚಪ್ಪಟೆ. ಇದೇ ಟಿಸಿಎಕ್ಸ್‌ಒ, ಗ್ರಹಾಂನ ಪಾದರಸದ ಜಾಡಿಯ ಎಲೆಕ್ಟ್ರಾನಿಕ್ ಮೊಮ್ಮಗ.

ತೊಂದರೆ ಏನಂದ್ರೆ ಎರಡು ಹರಳಿನ ಎಸ್ ಒಂದೇ ಥರ ಇರಲ್ಲ. ಕೊಯ್ತದ ಕೋನ ಕೆಲವೇ ಮಿನಿಟ್, ಅಂದ್ರೆ ಒಂದು ಡಿಗ್ರಿಯ ಅರವತ್ತರಲ್ಲಿ ಕೆಲವು ಭಾಗ, ತಪ್ಪಿದ್ರೂ ಗ್ರಾಫ್ ಬೇರೆ. ಹಾಗಾಗಿ ಪ್ರತಿಯೊಂದನ್ನೂ ಚಳಿಯಿಂದ ಬಿಸಿವರೆಗೆ ಓಡಿಸಿ, ಅಳೆದು, ಅದಕ್ಕೇ ಹೊಂದೋ ರೆಸಿಸ್ಟರ್‌ಗಳನ್ನ ಲೆಕ್ಕ ಹಾಕಿ ಕೂರಿಸಬೇಕಿತ್ತು. ಪ್ರತಿ ಹರಳಿಗೂ ಒಂದು ಜಾತಕ ಬರೆದಂತೆ. ಮುಂದೆ ಆ ಜಾತಕ ಚಿಪ್ಪಿನೊಳಗಿನ ಮೆಮೊರಿಗೆ ಹೋಯ್ತು. ಕೆಲವೇ ಮಿಲಿವ್ಯಾಟ್‌ನಲ್ಲಿ, ಅಕ್ಕಿಕಾಳಿನಷ್ಟು ಜಾಗದಲ್ಲಿ, ಒಂದೆರಡು ಪಿಪಿಎಂ ಅಥವಾ ಅದಕ್ಕೂ ಕಡಿಮೆ.

ಆದ್ರೆ ಜಾತಕಕ್ಕೆ ಮಿತಿ ಇದೆ. ಥರ್ಮಿಸ್ಟರ್ ಅಳೆಯೋದು ತನ್ನ ಬಿಸಿಯನ್ನ, ಹರಳಿನದನ್ನಲ್ಲ. ಫ್ಯಾನ್ ದಿಢೀರ್ ಶುರುವಾದ್ರೆ ಎರಡೂ ಒಂದೇ ಕ್ಷಣಕ್ಕೆ ತಣಿಯಲ್ಲ, ಆ ನಡುವಿನ ಹೊತ್ತು ತಿದ್ದುಪಡಿಯೇ ತಪ್ಪು. ಇನ್ನೊಂದು, ಬಿಸಿ ಏರೋವಾಗ 40 ಡಿಗ್ರಿಯಲ್ಲಿ ಹರಳು ಕೊಡೋ ಫ್ರೀಕ್ವೆನ್ಸಿಗೂ, ಇಳಿಯೋವಾಗ ಅದೇ 40ರಲ್ಲಿ ಕೊಡೋದಕ್ಕೂ ಚೂರು ವ್ಯತ್ಯಾಸ ಇರುತ್ತೆ, ಹಿಸ್ಟೆರೆಸಿಸ್. ಮತ್ತೆ ಆಗಲೇ ಹೇಳಿದ ವಯಸ್ಸು. ಕಾರ್ಖಾನೆಯಲ್ಲಿ ಬರೆದ ಜಾತಕ ಅವತ್ತಿನ ಹರಳಿನದು, ಐದು ವರ್ಷದ ನಂತರದ ಹರಳಿನದಲ್ಲ. ಟಿಸಿಎಕ್ಸ್‌ಒ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯೋಕೆ ಒದ್ದಾಡೋದು ಇದಕ್ಕೇ.

ಓವನ್ ಸುಮ್ಮನೆ ಕೂರಲಿಲ್ಲ

ಓವನ್ ದಾರಿಯವರಿಗೂ ಅವರದ್ದೇ ಕಾಟ ಇತ್ತು. ಎಟಿ ಕಟ್ ಹರಳನ್ನ ಬೇಗ ಕಾಯಿಸಿದ್ರೆ ಅಂಚೂ ನಡುವೂ ಬೇರೆ ಬೇರೆ ಬಿಸಿಯಾಗಿ ಒಳಗೆ ಒತ್ತಡ ಹುಟ್ಟುತ್ತೆ, ಫ್ರೀಕ್ವೆನ್ಸಿ ಗುರಿ ದಾಟಿ ಹೋಗಿ ನಿಧಾನಕ್ಕೆ ವಾಪಸ್ ಬರುತ್ತೆ. 1970ರ ದಶಕದ ನಡುವಿನಲ್ಲಿ ಇಬ್ಬರು ಬೇರೆ ಬೇರೆ ಕಡೆಯಿಂದ ಒಂದೇ ಉತ್ತರಕ್ಕೆ ಬಂದ್ರು. ಸ್ಯಾಂಡಿಯಾ ಪ್ರಯೋಗಾಲಯದ ಈರ್‌ನಿಸ್ ಲೆಕ್ಕದಿಂದ, ಎಚ್‌ಪಿಯ ಜಾನ್ ಕಸ್ಟರ್ಸ್ ಪ್ರಯೋಗದಿಂದ. ಹರಳನ್ನ ಒಂದಲ್ಲ ಎರಡು ದಿಕ್ಕಿನಲ್ಲಿ ವಾಲಿಸಿ ಕೊಯ್ದ್ರೆ ಈ ಒತ್ತಡದ ಪರಿಣಾಮ ರದ್ದಾಗುತ್ತೆ. ಅದೇ ಎಸ್‌ಸಿ ಕಟ್. ಇದರ ಗ್ರಾಫ್ ಚಪ್ಪಟೆ ಇರೋದು ಕೋಣೆಯ ಉಷ್ಣತೆಯಲ್ಲಿ ಅಲ್ಲ, 90 ಡಿಗ್ರಿ ಆಸುಪಾಸಲ್ಲಿ. ಬರೀ ಹರಳಾಗಿ ಕೋಣೆಯಲ್ಲಿಟ್ರೆ ಎಟಿಗಿಂತ ಕೆಟ್ಟದ್ದು, ಓವನ್‌ನಲ್ಲಿಟ್ರೆ ಅಲ್ಲಿಗೇ ಹುಟ್ಟಿದಂತೆ. ಎಚ್‌ಪಿಯ 10811 ಆಸಿಲೇಟರ್ ಇದರ ಮೇಲೇ ನಿಂತಿದ್ದು, ಹಳೇ ಪ್ರಯೋಗಾಲಯಗಳ ಫ್ರೀಕ್ವೆನ್ಸಿ ಕೌಂಟರ್‌ಗಳ ಒಳಗೆ ಇನ್ನೂ ಸಿಗುತ್ತೆ. ಒಳ್ಳೆ ಒಸಿಎಕ್ಸ್‌ಒ ಇವತ್ತು ಬಿಸಿಯ ವಿಷಯದಲ್ಲಿ ಟಿಸಿಎಕ್ಸ್‌ಒಗಿಂತ ನೂರು, ಸಾವಿರ ಪಟ್ಟು ಸ್ಥಿರ.

ಅಮೆರಿಕ ಸೇನೆಯ ಫೋರ್ಟ್ ಮಾನ್‌ಮತ್ ಪ್ರಯೋಗಾಲಯದವರು ನಡುವಿನ ದಾರಿಯನ್ನೂ ಹಿಡಿದ್ರು. ಒಂದೇ ಎಸ್‌ಸಿ ಕಟ್ ಹರಳನ್ನ ಒಟ್ಟಿಗೇ ಎರಡು ಬಗೆಯಲ್ಲಿ ಕಂಪಿಸೋದು, ಎರಡರ ವ್ಯತ್ಯಾಸವನ್ನೇ ಥರ್ಮಾಮೀಟರ್ ಮಾಡಿಕೊಳ್ಳೋದು. ಆಗ ಬಿಸಿ ಅಳೆಯೋದು ಪಕ್ಕದ ಥರ್ಮಿಸ್ಟರ್ ಅಲ್ಲ, ಹರಳೇ. ಲೆಕ್ಕಕ್ಕೆ ಒಂದು ಮೈಕ್ರೋಪ್ರೊಸೆಸರ್. ಓವನ್ ಇಲ್ಲದೆ ಓವನ್ ಹತ್ತಿರಕ್ಕೆ ಬರೋ ಪ್ರಯತ್ನ ಅದು.

ಫೋನು ಮತ್ತು ಟವರು

ಈಗ ನಿಮ್ಮ ಜೇಬಿಗೆ ಬನ್ನಿ. ಫೋನ್‌ನಲ್ಲಿ ಓವನ್ ಇಡೋಕಾಗುತ್ತಾ? 5000 ಎಂಎಎಚ್ ಬ್ಯಾಟರಿಯಲ್ಲಿ ಇರೋದು ಸುಮಾರು 19 ವ್ಯಾಟ್ ಅವರ್. ಒಂದು ವ್ಯಾಟ್ ಓವನ್ ಒಂದೇ ಅದನ್ನ 19 ಗಂಟೆಯಲ್ಲಿ ಕುಡಿದು ಮುಗಿಸುತ್ತೆ. ಹಾಗಾಗಿ ಫೋನ್‌ನಲ್ಲಿ ಟಿಸಿಎಕ್ಸ್‌ಒ, ಅಥವಾ ಥರ್ಮಿಸ್ಟರ್ ಜೊತೆಗಿರೋ ಸಾದಾ ಹರಳು ಮತ್ತು ಸಾಫ್ಟ್‌ವೇರ್‌ನಲ್ಲಿ ತಿದ್ದುಪಡಿ. ಜಿಪಿಎಸ್ ಸಿಗ್ನಲ್ 1575.42 ಮೆಗಾಹರ್ಟ್ಜ್. ಹರಳು 1 ಪಿಪಿಎಂ ತಪ್ಪಿದ್ರೆ ರಿಸೀವರ್ 1575 ಹರ್ಟ್ಜ್ ಆಚೆ ಹುಡುಕುತ್ತೆ, 20 ಪಿಪಿಎಂ ತಪ್ಪಿದ್ರೆ 31 ಕಿಲೋಹರ್ಟ್ಜ್ ಆಚೆ. ಕ್ಯಾಬ್ ಬುಕ್ ಮಾಡೋವಾಗ ಲೊಕೇಶನ್ ಬೇಗ ಸಿಗೋದರಲ್ಲಿ ಆ ತಿದ್ದುಪಡಿಯ ಪಾಲಿದೆ.

ಕರೆ ಮಾಡೋವಾಗ ಫೋನ್ 0.1 ಪಿಪಿಎಂ ಒಳಗಿರಬೇಕು. ಅದು ತಾನಾಗೇ ಅಷ್ಟು ನಿಖರ ಇರಲ್ಲ, ಟವರ್‌ನ ಸಿಗ್ನಲ್ ಕೇಳಿ ತನ್ನನ್ನ ತಿದ್ದಿಕೊಳ್ಳುತ್ತೆ. ದೊಡ್ಡ ಟವರ್ 0.05 ಪಿಪಿಎಂ ಒಳಗಿರಬೇಕು. ಟವರ್ ಯಾರನ್ನ ಕೇಳುತ್ತೆ? ಜಿಪಿಎಸ್ ಉಪಗ್ರಹವನ್ನ, ಇಲ್ಲಾಂದ್ರೆ ಫೈಬರ್‌ನಲ್ಲಿ ಬರೋ ಸಮಯವನ್ನ. ಅದೂ ಕೈಕೊಟ್ರೆ?

ಇಲ್ಲಿ ಎರಡು ದಾರಿಯ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ನಮ್ಮ ದೇಶದ 5ಜಿ ಹೆಚ್ಚಾಗಿ ಓಡೋ 3.5 ಗಿಗಾಹರ್ಟ್ಜ್‌ನಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯಂತೆ ಕಳಿಸೋದು, ಕೇಳೋದು ನಡೆಯುತ್ತೆ. ಅಕ್ಕಪಕ್ಕದ ಟವರ್‌ಗಳ ಸರದಿ ಒಂದೇ ಹೊತ್ತಿಗೆ ಬದಲಾಗಬೇಕು, ಅದಕ್ಕೆ ಪ್ರತಿ ಟವರ್‌ಗೆ ಇರೋ ಅವಕಾಶ ಆಚೀಚೆ 1.5 ಮೈಕ್ರೋಸೆಕೆಂಡ್. ಜಿಪಿಎಸ್ ಹೋದ ಕ್ಷಣದಿಂದ ಟವರ್ ತನ್ನ ಹರಳಿನ ಮೇಲೆ ನಿಂತಿದೆ ಅಂದ್ಕೊಳ್ಳಿ. ಬಿಸಿ ಬದಲಾಗಿ ಟಿಸಿಎಕ್ಸ್‌ಒ 0.1 ಪಿಪಿಎಂ ಸರಿದರೆ ಆ ಅವಕಾಶ ಮುಗಿಯೋಕೆ 15 ಸೆಕೆಂಡ್. ಒಸಿಎಕ್ಸ್‌ಒ ಸಾವಿರ ಕೋಟಿಗೆ ಒಂದು ಭಾಗ ಸರಿದರೆ 15,000 ಸೆಕೆಂಡ್, ನಾಲ್ಕು ಗಂಟೆಗೂ ಮೇಲೆ. ನಾಲ್ಕು ಗಂಟೆಯಲ್ಲಿ ರಿಪೇರಿಯವರು ಬಂದು ಹತ್ತಬಹುದು. 15 ಸೆಕೆಂಡ್‌ನಲ್ಲಿ ಅಲಾರಂ ಕೂಡ ಯಾರಿಗೂ ಮುಟ್ಟಿರಲ್ಲ. ಮೀರಿದ್ರೆ ಒಂದು ಟವರ್ ಕೂಗೋವಾಗ ಪಕ್ಕದ್ದು ಕಿವಿಗೊಟ್ಟಿರುತ್ತೆ, ದೂರದ ಫೋನ್‌ನ ಸಣ್ಣ ದನಿ ಆ ಕೂಗಿನಲ್ಲಿ ಮುಳುಗುತ್ತೆ.

ಅಂದ್ರೆ ಇವೆರಡು ಒಂದನ್ನೊಂದು ಸೋಲಿಸೋ ಸ್ಪರ್ಧಿಗಳಲ್ಲ. ಕೋಟಿಗಟ್ಟಲೆ ಫೋನ್‌ಗಳು ಅಗ್ಗದ ಹರಳಿನ ಮೇಲೆ ನಡೆಯೋದು, ಕರೆಂಟ್‌ಗೆ ಕೊರತೆ ಇಲ್ಲದ ಎಲ್ಲೋ ಒಂದು ಟವರ್‌ನಲ್ಲಿ ಹಗಲೂ ರಾತ್ರಿ ಬಿಸಿಯಾಗಿ ಕೂತ ಒಂದು ಓವನ್ ಇದೆ ಅಂತ. ಆರಿಸೋವಾಗ ಕೇಳಬೇಕಾದ ಪ್ರಶ್ನೆ "ಯಾವುದು ನಿಖರ" ಅನ್ನೋದಕ್ಕಿಂತ "ಸರಿಯಾದ ಸಮಯ ಹೇಳೋರು ಯಾರೂ ಇಲ್ಲದಾಗ ಎಷ್ಟು ಹೊತ್ತು ಒಂಟಿಯಾಗಿ ನಿಲ್ಲಬೇಕು, ಅದಕ್ಕೆ ಎಷ್ಟು ವ್ಯಾಟ್ ಇದೆ" ಅನ್ನೋದು.

ನಮ್ಮ ಲಾಗರ್‌ಗೆ ಏನಾಯ್ತು? ಬ್ಯಾಟರಿ ಪೆಟ್ಟಿಗೆ, ಓವನ್ ಮಾತೇ ಇಲ್ಲ. ಡಿಎಸ್3231 ಅನ್ನೋ ಚಿಪ್ ಹಾಕಿದ್ವಿ. ಒಳಗೆ ಹರಳೂ ಇದೆ, ಥರ್ಮಾಮೀಟರೂ ಇದೆ. 64 ಸೆಕೆಂಡಿಗೊಮ್ಮೆ ಬಿಸಿ ನೋಡಿ ಕೆಪಾಸಿಟರ್‌ಗಳನ್ನ ಬದಲಿಸಿಕೊಳ್ಳುತ್ತೆ. ಸೊನ್ನೆಯಿಂದ 40 ಡಿಗ್ರಿವರೆಗೆ 2 ಪಿಪಿಎಂ, ಅದಕ್ಕೂ ಮೇಲೆ ಹೋದ್ರೆ ಸ್ವಲ್ಪ ಹೆಚ್ಚು. ದಿನಕ್ಕೆ ಒಂದು ಸೆಕೆಂಡ್ ತಪ್ಪೋದು ನಿಂತುಹೋಯ್ತು. ನನ್ನ ಕೋಡ್‌ನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ ಅನ್ನೋದು ಸಮಾಧಾನ, ಮೂರು ದಿನ ಅದರಲ್ಲೇ ಹುಡುಕಿದೆ ಅನ್ನೋದು ನಾಚಿಕೆ.

ನೀವು ಸರ್ವರ್ ನೋಡಿಕೊಳ್ಳೋರಾದ್ರೆ ಎನ್‌ಟಿಪಿಯ ಡ್ರಿಫ್ಟ್ ಫೈಲ್ ಒಂದ್ಸಲ ತೆಗೆದು ನೋಡಿ. ಅಲ್ಲಿರೋ ಸಂಖ್ಯೆ ನಿಮ್ಮ ಮದರ್‌ಬೋರ್ಡ್‌ನ ಹರಳು ಎಷ್ಟು ಪಿಪಿಎಂ ತಪ್ಪಿದೆ ಅನ್ನೋದು. ಕ್ರೋನಿ ಬಳಸೋರಿಗೆ ಟೆಂಪ್‌ಕಾಂಪ್ ಅಂತ ಒಂದು ಸೆಟ್ಟಿಂಗ್ ಇದೆ. ಸೆನ್ಸರ್ ಓದಿ, ಒಂದು ವರ್ಗ ಸಮೀಕರಣ ಹಾಕಿ, ಬಿಸಿಗೆ ತಕ್ಕಂತೆ ಗಡಿಯಾರ ತಿದ್ದುತ್ತೆ. ಗ್ರಹಾಂ ಪಾದರಸದಲ್ಲಿ ಮಾಡಿದ್ದನ್ನ 300 ವರ್ಷದ ನಂತರ ನೀವು ಕಾನ್ಫಿಗ್ ಫೈಲ್‌ನ ಒಂದು ಸಾಲಿನಲ್ಲಿ ಮಾಡಬಹುದು. ಆದ್ರೆ ಆ ಸಾಲಿನ ಅಂಕಿಗಳನ್ನ ನಿಮ್ಮದೇ ಮಷೀನ್‌ನಲ್ಲಿ ಅಳೆದು ಬರೀಬೇಕು, ಪಕ್ಕದ ಮಷೀನ್‌ನದ್ದು ನಡೆಯಲ್ಲ. ಪ್ರತಿ ಹರಳಿಗೂ ಅದರದ್ದೇ ಜಾತಕ.

ಮುಂದಿನ ಸಲ ಸಿಗೋಣ. ಅಲ್ಲೀವರೆಗೆ ಮೊಸರು ಹುಳಿಯಾಗದಿರಲಿ.